ಫ್ಲೂ ಲಸಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಫ್ಲೂ ಲಸಿಕೆ ವಿಷಯ ಬಂದಾಗ ಎಲ್ಲರೂ ಮೊದಲು ಕೇಳುವುದು "ಇದರಿಂದ ನನಗೇನು ಉಪಯೋಗ?" ಅಂತ. ಕೇಳಬೇಕಾದ ಪ್ರಶ್ನೆಯೇ, ಉತ್ತರವೂ ಇದೆ. ಆದರೆ ಈ ಲಸಿಕೆಯ ನಿಜವಾದ ಬೆಲೆ ಗೊತ್ತಾಗಬೇಕಾದರೆ ಒಬ್ಬರನ್ನು ನೋಡಿದರೆ ಸಾಲದು, ಇಡೀ ಮನೆಯನ್ನು, ಇಡೀ ಊರನ್ನು ಒಟ್ಟಿಗೆ ನೋಡಬೇಕು. ಒಬ್ಬರ ಮಟ್ಟಿಗೆ ಸಾಧಾರಣ ಅನಿಸುವ ಲಸಿಕೆಯನ್ನು ಊರಿನ ಅರ್ಧ ಜನ ತೆಗೆದುಕೊಂಡರೆ ಲೆಕ್ಕವೇ ಬದಲಾಗುತ್ತದೆ.

ಫ್ಲೂ ಅಂದ್ರೆ ಜೋರು ನೆಗಡಿ ತಾನೆ? ಅದಕ್ಕೂ ಲಸಿಕೆ ಬೇಕಾ?

ನೆಗಡಿ ಬೇರೆ, ಫ್ಲೂ ಬೇರೆ. ನೆಗಡಿ ತರುವ ವೈರಸ್‌ಗಳು ನೂರಾರಿವೆ. ಅವು ಹೆಚ್ಚಾಗಿ ಮೂಗು, ಗಂಟಲಲ್ಲೇ ಇದ್ದು ಕೆಲವು ದಿನ ಕಾಡಿ ಹೋಗುತ್ತವೆ. ಫ್ಲೂ ತರುವುದು ಇನ್‌ಫ್ಲುಯೆಂಜಾ ವೈರಸ್. ಬೆಳಗ್ಗೆ ಚೆನ್ನಾಗಿ ಓಡಾಡಿಕೊಂಡಿದ್ದವರು ಸಂಜೆ ಹೊತ್ತಿಗೆ ಮಲಗಿಬಿಡುತ್ತಾರೆ. ಚಳಿ ಹಿಡಿದು ಜ್ವರ, ಮೈಕೈ ನೋವು, ತಲೆಸಿಡಿತ, ಒಣಕೆಮ್ಮು, ಎದ್ದು ನಿಲ್ಲಲಾಗದಷ್ಟು ಸುಸ್ತು. ಜ್ವರ ಒಂದು ವಾರದಲ್ಲಿ ಬಿಟ್ಟರೂ ಕೆಮ್ಮು, ಸುಸ್ತು ಎರಡು ವಾರ ಎಳೆಯುವುದುಂಟು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 100 ಕೋಟಿ ಜನರಿಗೆ ಫ್ಲೂ ಬರುತ್ತದೆ. ಅವರಲ್ಲಿ 30ರಿಂದ 50 ಲಕ್ಷ ಜನರಿಗೆ ಅದು ಜೋರಾಗುತ್ತದೆ. 2.9 ಲಕ್ಷದಿಂದ 6.5 ಲಕ್ಷ ಜನ ಉಸಿರಾಟದ ತೊಂದರೆಯಾಗಿ ಸಾಯುತ್ತಾರೆ. ಇದು ಮಹಾಮಾರಿ ಬಂದ ವರ್ಷದ ಲೆಕ್ಕ ಅಲ್ಲ, ಮಾಮೂಲಿ ವರ್ಷದ್ದು.

ಜ್ವರ ಬಂದು ಹೋಗುವ ಕಾಯಿಲೆಯಿಂದ ಜನ ಸಾಯೋದು ಹೇಗೆ?

ಶ್ವಾಸನಾಳದ ಒಳಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿರುವ ಕೋಶಗಳಿವೆ. ಆ ರೋಮಗಳು ಹಗಲೂ ರಾತ್ರಿ ಅಲುಗಾಡುತ್ತಾ ಕಫ, ಧೂಳು, ಬ್ಯಾಕ್ಟೀರಿಯಾ ಎಲ್ಲವನ್ನೂ ಗಂಟಲಿನ ಕಡೆಗೆ ತಳ್ಳುತ್ತಲೇ ಇರುತ್ತವೆ. ಫ್ಲೂ ವೈರಸ್ ಹೊಕ್ಕು ಹಾಳುಮಾಡುವುದು ಇವೇ ಕೋಶಗಳನ್ನು. ಗೋಡೆ ಅಲ್ಲಲ್ಲಿ ಬೋಳಾಗುತ್ತದೆ, ತಳ್ಳುವ ಕೆಲಸ ನಿಲ್ಲುತ್ತದೆ. ಅಲ್ಲಿಯವರೆಗೆ ಮೂಗು, ಗಂಟಲಲ್ಲಿ ತಂಟೆ ಮಾಡದೆ ಇದ್ದ ನ್ಯುಮೋಕಾಕಸ್‌ನಂಥ ಬ್ಯಾಕ್ಟೀರಿಯಾಗಳು ನೇರ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. 1918ರ ಫ್ಲೂ ಮಹಾಮಾರಿಯಲ್ಲಿ ಸತ್ತವರಲ್ಲಿ ಬಹುಪಾಲು ಜನರನ್ನು ಕೊಂದದ್ದು ಹೀಗೆ ಹಿಂದೆಯೇ ಬಂದ ಬ್ಯಾಕ್ಟೀರಿಯಾದ ನ್ಯುಮೋನಿಯಾ.

ಇನ್ನೊಂದು ದಾರಿ ಹೃದಯದ್ದು. ಇದನ್ನು ಜನ ಅಷ್ಟಾಗಿ ಗಮನಿಸಿಲ್ಲ. ಕೆನಡಾದ ಒಂಟಾರಿಯೊದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಫ್ಲೂ ಇದೆ ಅಂತ ಪರೀಕ್ಷೆಯಲ್ಲಿ ಗೊತ್ತಾದ ಮೊದಲ ವಾರದಲ್ಲಿ ಹೃದಯಾಘಾತದ ಸಾಧ್ಯತೆ ಮಾಮೂಲಿಗಿಂತ ಸುಮಾರು ಆರು ಪಟ್ಟು ಜಾಸ್ತಿ ಕಂಡುಬಂತು. ಮೈಯೆಲ್ಲಾ ಉರಿಯೂತ ಎದ್ದಾಗ ರಕ್ತ ಹೆಪ್ಪುಗಟ್ಟುವುದು ಹೆಚ್ಚುತ್ತದೆ, ಹೃದಯದ ಮೇಲೆ ಹೊರೆ ಬೀಳುತ್ತದೆ. ಇಂಥ ಸಾವುಗಳಲ್ಲಿ ಎಷ್ಟೋ ಕಡೆ ಕಾಗದದ ಮೇಲೆ ಬರೆಯುವುದು ಹೃದಯಾಘಾತ ಅಥವಾ ನ್ಯುಮೋನಿಯಾ ಅಂತ. ಫ್ಲೂ ಹೆಸರು ಎಲ್ಲೂ ಬರುವುದೇ ಇಲ್ಲ. ಹಾಗಾಗಿ "ಫ್ಲೂನಿಂದ ಯಾರೂ ಸತ್ತಿದ್ದು ನೋಡಿಲ್ಲ" ಅನ್ನುವವರ ಮಾತು ಸುಳ್ಳೇನಲ್ಲ, ಅವರಿಗೆ ಅದು ಕಂಡಿಲ್ಲ ಅಷ್ಟೆ.

ಲಸಿಕೆ ತಗೊಂಡ್ರೆ ಫ್ಲೂ ಬರೋದೇ ಇಲ್ವಾ?

ಬರಬಹುದು. ಇದನ್ನು ಮುಚ್ಚಿಟ್ಟು ಪ್ರಚಾರ ಮಾಡುವುದು ನನಗೆ ಇಷ್ಟವಿಲ್ಲ. ಲಸಿಕೆಯಲ್ಲಿರುವ ವೈರಸ್ ತಳಿಗೂ ಊರಲ್ಲಿ ಓಡಾಡುತ್ತಿರುವ ತಳಿಗೂ ಚೆನ್ನಾಗಿ ಹೊಂದಿಕೆಯಾದ ವರ್ಷ, ಫ್ಲೂ ಆಗಿ ಡಾಕ್ಟರ ಹತ್ತಿರ ಹೋಗಬೇಕಾಗುವ ಸಾಧ್ಯತೆ ಶೇ 40ರಿಂದ 60ರಷ್ಟು ಕಡಿಮೆಯಾಗುತ್ತದೆ. ಹೊಂದಿಕೆಯಾಗದ ವರ್ಷ ಇನ್ನೂ ಕಡಿಮೆ. 2014-15ರಲ್ಲಿ ಎಚ್3ಎನ್2 ಅನ್ನುವ ಫ್ಲೂ ವೈರಸ್ ಬದಲಾಗಿಬಿಟ್ಟಿದ್ದರಿಂದ ಅಮೆರಿಕದಲ್ಲಿ ಲಸಿಕೆಯ ಪರಿಣಾಮ ಶೇ 20ರ ಆಸುಪಾಸಿಗೆ ಇಳಿದಿತ್ತು.

ಆದರೆ ಲಸಿಕೆ ತಗೊಂಡೂ ಫ್ಲೂ ಬಂದವರಿಗೆ ಕಾಯಿಲೆ ಹಗುರವಾಗಿ ಹೋಗುತ್ತದೆ, ಐಸಿಯುವರೆಗೆ ಹೋಗುವವರು ಕಡಿಮೆ. ಮೂರು ದಿನ ಮನೆಯಲ್ಲಿ ಮಲಗುವುದಕ್ಕೂ ಆಮ್ಲಜನಕ ಹಾಕಿಸಿಕೊಂಡು ಆಸ್ಪತ್ರೆಯಲ್ಲಿ ಮಲಗುವುದಕ್ಕೂ ಬಹಳ ವ್ಯತ್ಯಾಸ ಇದೆ ಅಲ್ವಾ?

ಅರ್ಧಂಬರ್ಧ ಕೆಲಸ ಮಾಡುವ ಲಸಿಕೆಯಿಂದ ಊರಿಗೇನು ಲಾಭ?

ಈ ಪ್ರಶ್ನೆಗೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ, ಯಾಕೆಂದರೆ ಲಸಿಕೆಯ ಪೂರ್ತಿ ಗುಟ್ಟು ಇಲ್ಲೇ ಇದೆ.

ಒಬ್ಬ ರೋಗಿ ಸರಾಸರಿ ಎಷ್ಟು ಜನರಿಗೆ ಕಾಯಿಲೆ ಅಂಟಿಸುತ್ತಾನೆ ಅನ್ನುವುದರ ಮೇಲೆ ಯಾವುದೇ ಸೋಂಕಿನ ಹರಡುವಿಕೆ ನಿಂತಿದೆ. ದಡಾರದಲ್ಲಿ, ಯಾರಿಗೂ ರಕ್ಷಣೆ ಇಲ್ಲದ ಕಡೆ, ಅದು 12ರಿಂದ 18. ಮಾಮೂಲಿ ಫ್ಲೂನಲ್ಲಿ ಸುಮಾರು 1.3 ಅಷ್ಟೆ. ಚಿಕ್ಕ ಸಂಖ್ಯೆ ಅಂತ ಕಡೆಗಣಿಸಬೇಡಿ. ಒಬ್ಬರಿಂದ ಇನ್ನೊಬ್ಬರಿಗೆ ದಾಟಲು ಫ್ಲೂಗೆ ಸುಮಾರು 3 ದಿನ ಸಾಕು, ಅಂದರೆ ತಿಂಗಳಲ್ಲಿ ಹತ್ತು ಸುತ್ತು. ಹತ್ತು ರೋಗಿಗಳಿಂದ ಶುರುವಾದರೆ ಮುಂದಿನ ಸುತ್ತಿಗೆ 13, ಆಮೇಲೆ 17, ಆಮೇಲೆ 22, ಹೀಗೇ ಬೆಳೆದು ಹತ್ತನೇ ಸುತ್ತಿನ ಹೊತ್ತಿಗೆ 138 ಹೊಸ ರೋಗಿಗಳು.

ಈಗ ಅದೇ ಊರಲ್ಲಿ ಅರ್ಧ ಜನ ಲಸಿಕೆ ತಗೊಂಡಿದ್ದಾರೆ, ಲಸಿಕೆ ಅರ್ಧದಷ್ಟೇ ಕೆಲಸ ಮಾಡುತ್ತದೆ ಅಂದುಕೊಳ್ಳಿ. ಅರ್ಧದಲ್ಲಿ ಅರ್ಧ, ಅಂದರೆ ನಾಲ್ಕರಲ್ಲಿ ಒಬ್ಬರಿಗೆ ರಕ್ಷಣೆ. 1.3 ಇದ್ದದ್ದು 0.975ಕ್ಕೆ ಇಳಿಯುತ್ತದೆ. ಒಂದಕ್ಕಿಂತ ಕೆಳಗೆ! ಹತ್ತನೇ ಸುತ್ತಿಗೆ 138 ಆಗಬೇಕಿದ್ದದ್ದು ಎಂಟಕ್ಕೆ ಬಂದು ನಿಲ್ಲುತ್ತದೆ. ನಿಜ ಜೀವನ ಇಷ್ಟು ಸರಳವಲ್ಲ, ಶಾಲೆ, ಬಸ್ಸು, ಹಬ್ಬದ ಗುಂಪು ಎಲ್ಲ ಸೇರಿ ಸಂಖ್ಯೆ ಏರುಪೇರಾಗುತ್ತದೆ. ಆದರೂ ಲೆಕ್ಕದ ದಿಕ್ಕು ಇದೇ. ದಡಾರದ ಮುಂದೆ ಇಂಥ ಲಸಿಕೆ ಸೋತುಹೋಗುತ್ತಿತ್ತು. ಫ್ಲೂ ಹರಡುವ ವೇಗ ಒಂದರ ಅಂಚಿನಲ್ಲೇ ಇರುವುದರಿಂದ ಸ್ವಲ್ಪ ತಳ್ಳಿದರೂ ಸರಪಳಿ ಮುರಿಯುತ್ತದೆ.

ಇದು ಬರೀ ಕಾಗದದ ಲೆಕ್ಕ ಅಂತ ಅನಿಸಿದರೆ ಕೆನಡಾದ ಹಟರೈಟ್ ಜನರ ಕಥೆ ಕೇಳಿ. ಇವರು ಚಿಕ್ಕ ಚಿಕ್ಕ ವಸತಿಗಳಲ್ಲಿ ಹೊರಗಿನ ಜನರಿಂದ ಬೇರೆಯಾಗಿ, ಒಟ್ಟಿಗೆ ಬೇಸಾಯ ಮಾಡಿಕೊಂಡು ಬದುಕುವವರು. 2008-09ರಲ್ಲಿ ಕೆಲವು ವಸತಿಗಳ ಮಕ್ಕಳಿಗೆ ಫ್ಲೂ ಲಸಿಕೆ ಕೊಟ್ಟರು, ಬೇರೆ ವಸತಿಗಳ ಮಕ್ಕಳಿಗೆ ಹೋಲಿಕೆಗಾಗಿ ಹೆಪಟೈಟಿಸ್ ಎ ಲಸಿಕೆ ಕೊಟ್ಟರು. ಆಮೇಲೆ ಲಸಿಕೆ ತಗೊಳ್ಳದವರಲ್ಲಿ ಯಾರಿಗೆ ಫ್ಲೂ ಬಂತು ಅಂತ ನೋಡಿದರು. ಮಕ್ಕಳಿಗೆ ಫ್ಲೂ ಲಸಿಕೆ ಹಾಕಿದ ವಸತಿಗಳಲ್ಲಿ, ಸೂಜಿ ಚುಚ್ಚಿಸಿಕೊಳ್ಳದವರಿಗೂ ಶೇ 61ರಷ್ಟು ರಕ್ಷಣೆ ಸಿಕ್ಕಿತ್ತು. ಫಲಿತಾಂಶ 2010ರಲ್ಲಿ ಪ್ರಕಟವಾಯಿತು.

ಜಪಾನ್ ಇದನ್ನು ಇನ್ನೂ ದೊಡ್ಡದಾಗಿ ಮಾಡಿತ್ತು. 1962ರಿಂದ ಶಾಲಾ ಮಕ್ಕಳಿಗೆ ಫ್ಲೂ ಲಸಿಕೆ ಕೊಡಲು ಶುರುಮಾಡಿ, ಆಮೇಲೆ ಕಡ್ಡಾಯವನ್ನೂ ಮಾಡಿ, 1987ರಲ್ಲಿ ಸಡಿಲಿಸಿ, 1994ರಲ್ಲಿ ಕಾರ್ಯಕ್ರಮವನ್ನೇ ನಿಲ್ಲಿಸಿದರು. 2001ರ ಒಂದು ಅಧ್ಯಯನದ ಅಂದಾಜಿನಂತೆ ಆ ಕಾರ್ಯಕ್ರಮ ವರ್ಷಕ್ಕೆ 37,000ದಿಂದ 49,000 ಸಾವು ತಪ್ಪಿಸುತ್ತಿತ್ತು. ಸುಮಾರು 420 ಮಕ್ಕಳಿಗೆ ಲಸಿಕೆ ಕೊಟ್ಟರೆ ಒಂದು ಜೀವ ಉಳಿದ ಹಾಗೆ. ಉಳಿದ ಜೀವಗಳು ಬಹುತೇಕ ವಯಸ್ಸಾದವರದು. ಈ ಅಂಕಿಗಳನ್ನು ಪ್ರಶ್ನಿಸಿದ ಸಂಶೋಧಕರೂ ಇದ್ದಾರೆ. ಆದರೆ ಮೊಮ್ಮಕ್ಕಳ ತೋಳಿಗೆ ಚುಚ್ಚಿದ ಸೂಜಿ ಅಜ್ಜ ಅಜ್ಜಿಯರನ್ನು ಕಾಯುತ್ತದೆ ಅನ್ನುವುದರ ಕಡೆಗೇ ಎರಡೂ ಕಥೆ ಬೊಟ್ಟು ಮಾಡುತ್ತವೆ.

ನಾನು ಗಟ್ಟಿಮುಟ್ಟಾಗಿದ್ದೀನಿ. ನನಗ್ಯಾಕೆ?

ನಿಮಗೆ ಲಕ್ಷಣ ಕಾಣಿಸುವ ಒಂದು ದಿನ ಮುಂಚೆಯೇ ನಿಮ್ಮಿಂದ ವೈರಸ್ ಹೊರಗೆ ಬರುತ್ತಿರಬಹುದು. ಆ ದಿನ ನೀವು ಕೆಲಸಕ್ಕೆ ಹೋಗಿರುತ್ತೀರಿ, ಯಾರದೋ ಮಗುವನ್ನು ಎತ್ತಿಕೊಂಡಿರುತ್ತೀರಿ, ಕೀಮೋಥೆರಪಿ ನಡೆಯುತ್ತಿರುವವರ ಪಕ್ಕ ಕೂತಿರುತ್ತೀರಿ. "ಹುಷಾರಿಲ್ಲ ಅನಿಸಿದರೆ ಮನೆಯಲ್ಲೇ ಇರುತ್ತೇನೆ" ಅನ್ನುವುದು ಒಳ್ಳೆಯ ಅಭ್ಯಾಸ, ಆದರೆ ಆ ಮೊದಲ ದಿನಕ್ಕೆ ಅದು ಉಪಯೋಗವಿಲ್ಲ. ಕೆಲವರಿಗಂತೂ ಸೋಂಕು ತಗಲಿದ್ದೇ ಗೊತ್ತಾಗುವುದಿಲ್ಲ.

ಅದೂ ಅಲ್ಲದೆ ಗಟ್ಟಿಮುಟ್ಟಾದವರಿಗೂ ಜೋರು ಫ್ಲೂ ಬರುತ್ತದೆ. ದಿನಗೂಲಿಯವರಿಗೆ, ಮನೆಯಲ್ಲಿ ಒಬ್ಬರೇ ದುಡಿಯುವವರಿಗೆ ಒಂದು ವಾರ ಮಲಗುವುದು ಸಣ್ಣ ವಿಷಯವೇನಲ್ಲ.

ಯಾರು ಮೊದಲು ತಗೋಬೇಕು?

ಆರೋಗ್ಯ ಕಾರ್ಯಕರ್ತರು, ಗರ್ಭಿಣಿಯರು, ವಯಸ್ಸಾದವರು, ಶುಗರ್, ಅಸ್ತಮಾ, ಹೃದಯ, ಕಿಡ್ನಿ ಕಾಯಿಲೆ ಇರುವವರು, ಆರು ತಿಂಗಳು ತುಂಬಿದ ಚಿಕ್ಕ ಮಕ್ಕಳು. ಈ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಪಟ್ಟಿಯಲ್ಲಿರುವವರ ಜೊತೆ ಒಂದೇ ಮನೆಯಲ್ಲಿದ್ದರೆ ನೀವೂ ತಗೊಳ್ಳಿ.

ಗರ್ಭಿಣಿಯರು ತಗೊಂಡರೆ ಮಗುವಿಗೆ ತೊಂದರೆ ಇಲ್ವಾ?

ಇಲ್ಲ, ಮಗುವಿಗೆ ಲಾಭವೇ. ಯಾವ ತಿಂಗಳಲ್ಲಾದರೂ ಇಂಜೆಕ್ಷನ್ ರೂಪದ ಲಸಿಕೆ ತಗೊಳ್ಳಬಹುದು. ಬಸುರಿಯರಿಗೆ ಫ್ಲೂ ಬಂದರೆ ಬೇರೆಯವರಿಗಿಂತ ಬೇಗ ಬಿಗಡಾಯಿಸುತ್ತದೆ, ಯಾಕೆಂದರೆ ಆ ಸಮಯದಲ್ಲಿ ಹೃದಯ, ಶ್ವಾಸಕೋಶದ ಮೇಲೆ ಮೊದಲೇ ಹೊರೆ ಇರುತ್ತದೆ.

ಮಗುವಿನ ವಿಷಯ ಇನ್ನೂ ಮುಖ್ಯ. ಆರು ತಿಂಗಳಿಗಿಂತ ಚಿಕ್ಕ ಕೂಸಿಗೆ ಫ್ಲೂ ಲಸಿಕೆ ಕೊಡುವ ಹಾಗೇ ಇಲ್ಲ. ಆ ಕೂಸನ್ನು ಕಾಯಲು ಇರುವುದು ಎರಡೇ ದಾರಿ: ತಾಯಿಯ ರಕ್ತದಿಂದ ಹೊಟ್ಟೆಯಲ್ಲಿದ್ದಾಗಲೇ ದಾಟಿಬಂದ, ಸೋಂಕಿನ ವಿರುದ್ಧ ಹೋರಾಡುವ ಪ್ರತಿಕಾಯಗಳು, ಮತ್ತು ಸುತ್ತ ಇರುವವರಿಗೆ ಫ್ಲೂ ಬರದಂತೆ ನೋಡಿಕೊಳ್ಳುವುದು. ಬಾಂಗ್ಲಾದೇಶದಲ್ಲಿ ಗರ್ಭಿಣಿಯರಿಗೆ ಲಸಿಕೆ ಕೊಟ್ಟು ಮಾಡಿದ, 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹುಟ್ಟಿದ ಮಕ್ಕಳಲ್ಲಿ ಮೊದಲ ಆರು ತಿಂಗಳು ಪರೀಕ್ಷೆಯಿಂದ ಖಚಿತವಾದ ಫ್ಲೂ ಶೇ 63ರಷ್ಟು ಕಡಿಮೆಯಾಗಿತ್ತು. ಫ್ಲೂನಿಂದ ಶ್ವಾಸಕೋಶದ ಸೋಂಕಾಗಿ ಸಾಯುವ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 99ರಷ್ಟು ಬಡ ಮತ್ತು ಬೆಳೆಯುತ್ತಿರುವ ದೇಶಗಳಲ್ಲಿದ್ದಾರೆ ಅನ್ನುವುದನ್ನು ನೆನೆದರೆ, ತಾಯಿಗೆ ಕೊಡುವ ಒಂದು ಡೋಸ್ ಎಷ್ಟು ದೊಡ್ಡ ಕೆಲಸ ಮಾಡಬಹುದು ಅಂತ ಗೊತ್ತಾಗುತ್ತದೆ.

ಪ್ರತಿ ವರ್ಷ ಯಾಕೆ ಚುಚ್ಚಿಸಿಕೋಬೇಕು? ಒಂದು ಸಲ ಸಾಲದಾ?

ಸಾಲದು. ಒಂದು ಕಾರಣ, ಲಸಿಕೆಯಿಂದ ಬಂದ ರಕ್ಷಣೆ ತಿಂಗಳುಗಳು ಕಳೆದಂತೆ ಕರಗುತ್ತದೆ. ಇನ್ನೊಂದು, ವೈರಸ್ ತನ್ನ ಮೇಲ್ಮೈಯನ್ನು ಸದಾ ಸ್ವಲ್ಪ ಸ್ವಲ್ಪ ಬದಲಿಸುತ್ತಿರುತ್ತದೆ. ಹಳೆಯ ರಕ್ಷಣೆಯನ್ನೇ ನೆಚ್ಚಿಕೊಂಡು ಕೂರುವುದೆಂದರೆ ಹಳೆಯ ಫೋಟೋ ಕೈಯಲ್ಲಿಟ್ಟುಕೊಂಡು ವೇಷ ಬದಲಿಸಿದ ಕಳ್ಳನನ್ನು ಹುಡುಕಿದ ಹಾಗೆ.

ಈ ಬದಲಾವಣೆಯ ಮೇಲೆ ಕಣ್ಣಿಡಲು 1952ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಒಂದು ಜಾಲವೇ ಇದೆ. 120ಕ್ಕೂ ಹೆಚ್ಚು ದೇಶಗಳ ಪ್ರಯೋಗಾಲಯಗಳು ರೋಗಿಗಳ ಮೂಗು, ಗಂಟಲಿನಿಂದ ತೆಗೆದ ಮಾದರಿಗಳಲ್ಲಿ ಯಾವ ತಳಿ ಇದೆ ಅಂತ ನೋಡುತ್ತಲೇ ಇರುತ್ತವೆ. ವರ್ಷಕ್ಕೆ ಎರಡು ಸಲ ತಜ್ಞರು ಕೂತು ಮುಂದಿನ ಲಸಿಕೆಯಲ್ಲಿ ಯಾವ ತಳಿಗಳಿರಬೇಕು ಅಂತ ಹೇಳುತ್ತಾರೆ: ಫೆಬ್ರವರಿಯಲ್ಲಿ ಉತ್ತರ ಗೋಳಾರ್ಧಕ್ಕೆ, ಸೆಪ್ಟೆಂಬರ್‌ನಲ್ಲಿ ದಕ್ಷಿಣ ಗೋಳಾರ್ಧಕ್ಕೆ. ಲಸಿಕೆ ತಯಾರಾಗಲು ಸುಮಾರು ಆರು ತಿಂಗಳು ಬೇಕು. ಅಷ್ಟರಲ್ಲಿ ವೈರಸ್ ಮತ್ತೆ ಬದಲಾದರೆ ಆ ವರ್ಷ ಹೊಂದಿಕೆ ತಪ್ಪುತ್ತದೆ.

ಕಳೆದ ಕೆಲವು ವರ್ಷಗಳಲ್ಲಿ ಲಸಿಕೆ ನಾಲ್ಕು ತಳಿಯಿಂದ ಮೂರಕ್ಕೆ ಇಳಿದಿದ್ದು ಯಾಕೆ ಅಂತ ಕೆಲವರು ಕೇಳುತ್ತಾರೆ. ಫ್ಲೂ ವೈರಸ್‌ಗಳ ಬಿ ಗುಂಪಿಗೆ ಸೇರಿದ ಯಮಗಾಟಾ ಅನ್ನುವ ವೈರಸ್ 2020ರ ಮಾರ್ಚ್ ಆದಮೇಲೆ ಎಲ್ಲೂ ಖಚಿತವಾಗಿ ಕಂಡಿಲ್ಲ. ಕೋವಿಡ್ ಕಾಲದಲ್ಲಿ ಜನ ಒಬ್ಬರಿಗೊಬ್ಬರು ದೂರ ಇದ್ದಾಗ ಅದಕ್ಕೆ ಹರಡಲು ದಾರಿ ಸಿಗದೆ ಹೋಗಿರಬೇಕು. ಇಲ್ಲದ ವೈರಸ್‌ಗೆ ಲಸಿಕೆ ಯಾಕೆ ಅಂತ ಅದನ್ನು ಬಿಟ್ಟರು.

ಲಸಿಕೆಯಿಂದಲೇ ಫ್ಲೂ ಬರುತ್ತಂತೆ?

ಇಂಜೆಕ್ಷನ್‌ನಲ್ಲಿ ಇರುವುದು ಸತ್ತ ವೈರಸ್ ಅಥವಾ ಅದರ ಪ್ರೋಟೀನ್ ಮಾತ್ರ. ಅದು ಬೆಳೆಯಲು, ಅಂಟಲು ಸಾಧ್ಯವೇ ಇಲ್ಲ. ಕೆಲವರಿಗೆ ಫ್ಲೂ ಲಸಿಕೆ, ಕೆಲವರಿಗೆ ಬರೀ ಉಪ್ಪುನೀರಿನ ಇಂಜೆಕ್ಷನ್ ಕೊಟ್ಟು, ಯಾರಿಗೆ ಯಾವುದು ಅಂತ ಹೇಳದೆ ಹೋಲಿಸಿದ ಪ್ರಯೋಗಗಳಲ್ಲಿ ಕಂಡ ವ್ಯತ್ಯಾಸ ಮುಖ್ಯವಾಗಿ ತೋಳು ನೋವು, ಚುಚ್ಚಿದ ಜಾಗ ಕೆಂಪಾಗುವುದು. ಮೈಕೈ ನೋವು, ಜ್ವರ, ಕೆಮ್ಮು ಎರಡೂ ಗುಂಪಲ್ಲಿ ಹೆಚ್ಚುಕಡಿಮೆ ಒಂದೇ ಥರ ಇತ್ತು.

ಹಾಗಾದರೆ ಜನ ಯಾಕೆ ಹಾಗನ್ನುತ್ತಾರೆ? ಲಸಿಕೆ ಕೊಡುವುದು ನೆಗಡಿ, ಕೆಮ್ಮು ಓಡಾಡುವ ಕಾಲದಲ್ಲೇ. ರಕ್ಷಣೆ ಬೆಳೆಯಲು ಎರಡು ವಾರ ಬೇಕು, ಆ ಮಧ್ಯೆ ಬೇರೆ ವೈರಸ್ ತಗಲಬಹುದು, ಫ್ಲೂ ಕೂಡ ತಗಲಬಹುದು. ಸೂಜಿ ಚುಚ್ಚಿಸಿಕೊಂಡ ಮಾರನೇ ದಿನ ಮೈ ಬಿಸಿಯಾದರೆ ಸೂಜಿಯ ಮೇಲೇ ಅನುಮಾನ ಬರುವುದು ಸಹಜ.

ಮೂಗಿಗೆ ಸಿಂಪಡಿಸುವ ಲಸಿಕೆಯಲ್ಲಿ ಮಾತ್ರ ಬಲ ಕುಂದಿಸಿದ ಜೀವಂತ ವೈರಸ್ ಇರುತ್ತದೆ. ಅದನ್ನು ಗರ್ಭಿಣಿಯರಿಗೆ, ರೋಗನಿರೋಧಕ ಶಕ್ತಿ ತೀರಾ ಕಡಿಮೆ ಇರುವವರಿಗೆ ಕೊಡುವುದಿಲ್ಲ.

ಅಡ್ಡಪರಿಣಾಮಗಳು?

ತೋಳು ನೋವು, ಕೆಲವರಿಗೆ ಒಂದೆರಡು ದಿನ ಸಣ್ಣ ಜ್ವರ, ಸುಸ್ತು. ಇದು ದೇಹ ಪಾಠ ಕಲಿಯುತ್ತಿರುವ ಗುರುತು. ಜೋರು ಅಲರ್ಜಿ ಅಪರೂಪ, ಆದರೆ ಆಗುವುದಾದರೆ ಸಾಮಾನ್ಯವಾಗಿ ಕೂಡಲೇ ಆಗುತ್ತದೆ. ಅದಕ್ಕೇ ಚುಚ್ಚಿದ ಮೇಲೆ ಕಾಲು ಗಂಟೆ ಅಲ್ಲೇ ಕೂರಿ ಅನ್ನುತ್ತಾರೆ, ಎದ್ದು ಹೊರಟುಬಿಡಬೇಡಿ.

ನರಗಳಿಗೆ ತೊಂದರೆ ಕೊಡುವ ಗಿಯಾನ್-ಬಾರೆ ಸಿಂಡ್ರೋಮ್ ಬಗ್ಗೆ ಕೇಳುವವರಿದ್ದಾರೆ. 1976ರಲ್ಲಿ ಅಮೆರಿಕದಲ್ಲಿ ಕೊಟ್ಟ ಹಂದಿ ಜ್ವರದ ಲಸಿಕೆಯಿಂದ ಸುಮಾರು ಒಂದು ಲಕ್ಷಕ್ಕೆ ಒಬ್ಬರಂತೆ ಇದು ಜಾಸ್ತಿಯಾಗಿತ್ತು, ನಿಜ. ಈಗಿನ ಲಸಿಕೆಗಳಲ್ಲಿ ಅಂಥ ಅಪಾಯ ಇದ್ದರೂ ಹತ್ತು ಲಕ್ಷ ಡೋಸ್‌ಗೆ ಒಂದೋ ಎರಡೋ. ಫ್ಲೂ ಕಾಯಿಲೆಯಿಂದಲೂ ಈ ತೊಂದರೆ ಬರಬಹುದು, ಅದರ ಸಾಧ್ಯತೆ ಲಸಿಕೆಗಿಂತ ಹೆಚ್ಚು. ಹಿಂದೆ ಒಮ್ಮೆ ಇದು ಆಗಿದ್ದವರು ಡಾಕ್ಟರ ಹತ್ತಿರ ಮಾತಾಡಿಯೇ ಮುಂದುವರಿಯಿರಿ.

ಮೊಟ್ಟೆ ಅಲರ್ಜಿ? ಬಹಳಷ್ಟು ಫ್ಲೂ ಲಸಿಕೆಗಳನ್ನು ಕೋಳಿಮೊಟ್ಟೆಯಲ್ಲೇ ಬೆಳೆಸುತ್ತಾರೆ, ಆದರೆ ಕೊನೆಗೆ ಉಳಿಯುವ ಮೊಟ್ಟೆಯ ಅಂಶ ತೀರಾ ಕಡಿಮೆ. ಅಮೆರಿಕದ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2023ರಿಂದ ಇಂಥವರಿಗೆ ವಿಶೇಷ ಎಚ್ಚರಿಕೆಯೂ ಬೇಡ ಅಂದಿದೆ. ಆದರೂ ಕೊಡುವವರಿಗೆ ಮೊದಲೇ ಹೇಳಿ.

ಯಾವಾಗ ತಗೋಬೇಕು?

ನಿಮ್ಮ ಕಡೆ ಫ್ಲೂ ಏರುವುದಕ್ಕೆ ಎರಡು ವಾರವಾದರೂ ಮುಂಚೆ. ಚಳಿ ದೇಶಗಳಲ್ಲಿ ಅದು ಚಳಿಗಾಲ, ಉಷ್ಣವಲಯದ ಎಷ್ಟೋ ಕಡೆ ಮಳೆಗಾಲದಲ್ಲೂ ಏರುತ್ತದೆ. ತಡವಾಯಿತು ಅಂತ ಬಿಡಬೇಡಿ, ಫ್ಲೂ ಓಡಾಡುತ್ತಿರುವಷ್ಟು ದಿನವೂ ಉಪಯೋಗ ಇದೆ.

ಮಗುವಿಗೆ ಹಿಬ್ ಲಸಿಕೆ ಹಾಕಿಸಿದ್ದೇವೆ, ಅದೇ ಅಲ್ವಾ?

ಅಲ್ಲ. ಹಿಬ್‌ನ ಪೂರ್ತಿ ಹೆಸರಲ್ಲಿ "ಇನ್‌ಫ್ಲುಯೆಂಜೆ" ಅಂತ ಇದ್ದರೂ ಅದು ಒಂದು ಬ್ಯಾಕ್ಟೀರಿಯಾ ವಿರುದ್ಧದ ಲಸಿಕೆ, ಫ್ಲೂ ತಡೆಯುವುದಿಲ್ಲ. ಆರು ತಿಂಗಳಿಂದ ಎಂಟು ವರ್ಷದವರೆಗಿನ ಮಕ್ಕಳು ಫ್ಲೂ ಲಸಿಕೆಯನ್ನು ಮೊದಲ ಸಲ ತಗೊಳ್ಳುವಾಗ ಸಾಮಾನ್ಯವಾಗಿ ಎರಡು ಡೋಸ್ ಬೇಕು, ನಡುವೆ ಕನಿಷ್ಠ ನಾಲ್ಕು ವಾರ ಬಿಟ್ಟು. ಒಂದನ್ನು ಹಾಕಿಸಿ ಎರಡನೆಯದನ್ನು ಮರೆಯುವವರು ಬಹಳ. ತಾರೀಖು ಬರೆದಿಟ್ಟುಕೊಳ್ಳಿ.

ಜ್ವರ ಬಂದರೆ ಆಂಟಿಬಯೋಟಿಕ್ ಇದೆಯಲ್ಲ?

ಆಂಟಿಬಯೋಟಿಕ್ ವೈರಸ್ ಮೇಲೆ ಕೆಲಸ ಮಾಡುವುದಿಲ್ಲ. ಆದರೂ ಫ್ಲೂ ಕಾಲದಲ್ಲಿ ಎಷ್ಟೊಂದು ಜನ ಸುಮ್ನೆ ಅದನ್ನು ನುಂಗುತ್ತಾರೆ, ಬರೆದುಕೊಡುವವರೂ ಇದ್ದಾರೆ. ಹೀಗೆ ಬೇಡದ ಕಡೆ ಬಳಸಿ ಬಳಸಿ ಬ್ಯಾಕ್ಟೀರಿಯಾಗಳು ಮದ್ದಿಗೆ ಬಗ್ಗದಂತಾಗುತ್ತವೆ. ಫ್ಲೂ ಕಡಿಮೆಯಾದರೆ ಈ ಬಳಕೆಯೂ ಕಡಿಮೆಯಾಗುತ್ತದೆ. ಲಸಿಕೆಯ ಲಾಭಗಳಲ್ಲಿ ಇದನ್ನು ಯಾರೂ ಎಣಿಸುವುದಿಲ್ಲ, ನನ್ನ ಪ್ರಕಾರ ಎಣಿಸಲೇಬೇಕು.

ವಯಸ್ಸಾದವರಿಗೆ ಲಸಿಕೆ ಅಷ್ಟಾಗಿ ಹತ್ತಲ್ವಂತೆ, ನಿಜವಾ?

ಸ್ವಲ್ಪ ನಿಜ. ವಯಸ್ಸಾದಂತೆ ದೇಹ ಲಸಿಕೆಗೆ ಸ್ಪಂದಿಸುವುದು ಕಡಿಮೆಯಾಗುತ್ತದೆ. ಅದಕ್ಕೇ ಕೆಲವು ದೇಶಗಳಲ್ಲಿ 65 ದಾಟಿದವರಿಗೆ ನಾಲ್ಕು ಪಟ್ಟು ಜಾಸ್ತಿ ಪ್ರಮಾಣದ ಲಸಿಕೆ ಕೊಡುತ್ತಾರೆ. ಅದು ಸಿಗದ ಕಡೆ ಮಾಮೂಲಿ ಲಸಿಕೆಯನ್ನೇ ಕೊಡಿಸಿ, ಜೊತೆಗೆ ಮನೆಯಲ್ಲಿರುವ ಉಳಿದವರೂ ತಗೊಳ್ಳಿ. ಅವರ ದೇಹಕ್ಕೆ ಎಷ್ಟು ಕಡಿಮೆ ರಕ್ಷಣೆ ಸಿಗುತ್ತದೋ ಅಷ್ಟು ನಿಮ್ಮ ಲಸಿಕೆಯ ಮೇಲೆ ಅವರು ನಿಂತಿರುತ್ತಾರೆ.

ಲಸಿಕೆ ತಗೊಂಡೂ ಜ್ವರ ಬಂದರೆ ಏನು ಮಾಡಬೇಕು?

ಮನೆಯಲ್ಲಿ ಇರಿ, ನೀರು ಜಾಸ್ತಿ ಕುಡಿಯಿರಿ, ಜ್ವರ ಬಿಟ್ಟು ಒಂದು ದಿನವಾದರೂ ಆಗುವವರೆಗೆ ಜನರಿಂದ ದೂರ ಇರಿ. ಮಕ್ಕಳಿಗೆ ಆಸ್ಪಿರಿನ್ ಕೊಡಲೇಬೇಡಿ. ಮೇಲೆ ಹೇಳಿದ ಅಪಾಯದ ಪಟ್ಟಿಯಲ್ಲಿರುವವರಾದರೆ ಕಾದು ನೋಡಬೇಡಿ, ಮೊದಲ ದಿನವೇ ಡಾಕ್ಟರಿಗೆ ತೋರಿಸಿ. ಒಸೆಲ್ಟಾಮಿವಿರ್ ಅನ್ನುವ ವೈರಸ್ ವಿರುದ್ಧದ ಮಾತ್ರೆ ಲಕ್ಷಣ ಶುರುವಾದ 48 ಗಂಟೆಯೊಳಗೆ ಕೊಟ್ಟರೆ ಚೆನ್ನಾಗಿ ಕೆಲಸ ಮಾಡುತ್ತದೆ. ಅದನ್ನು ಡಾಕ್ಟರ್ ಹೇಳಿದರೆ ಮಾತ್ರ ತಗೊಳ್ಳಿ. ಉಸಿರಾಡಲು ಕಷ್ಟ, ಎದೆ ನೋವು, ಗೊಂದಲದ ಮಾತು, ತುಟಿ ನೀಲಿಯಾಗುವುದು, ಮಗು ಹಾಲು ಕುಡಿಯದೆ ಮಂಕಾಗುವುದು, ಅಥವಾ ವಾಸಿಯಾಯಿತು ಅನ್ನುವಷ್ಟರಲ್ಲಿ ಮತ್ತೆ ಜ್ವರ, ಕೆಮ್ಮು ಜೋರಾಗುವುದು ಕಂಡರೆ ಲಸಿಕೆ ತಗೊಂಡಿದ್ದರೂ, ತಗೊಳ್ಳದಿದ್ದರೂ ತಕ್ಷಣ ಆಸ್ಪತ್ರೆಗೆ ಹೊರಡಿ.